ಶ್ರೀಶೈಲದ ದಾರಿಯಲ್ಲಿ ನಮ್ಮ ಕಂಬಿ ತಂಡ: ರಾತ್ರಿ ನಡಿಗೆಯ ಅನುಭವ

ಯುಗಾದಿ ಹತ್ತಿರ ಬಂತೆಂದರೆ ಬಾಗಲಕೋಟೆ ಕಡೆಯವರು ಹುನಗುಂದ, ಇಳಕಲ್ ದಾರಿ ಹಿಡಿದು ಶ್ರೀಶೈಲಕ್ಕೆ ನಡೆಯುತ್ತಾರೆ. ದೇವರ ಕಂಬಿ, ಅಂದರೆ ಅಲಂಕರಿಸಿದ ಕೋಲು, ಹೊತ್ತು ನಡೆಯುವ ನಮ್ಮೂರ ತಂಡದಲ್ಲಿ ಊಟ, ವಸತಿ, ದಾರಿ ನೋಡಿಕೊಳ್ಳುವುದು ನನ್ನ ಕೆಲಸ. ಮಲ್ಲಯ್ಯನ, ಅಂದರೆ ಶ್ರೀಶೈಲದ ಮಲ್ಲಿಕಾರ್ಜುನನ, ದರ್ಶನಕ್ಕೆ ಹೊರಟ ಒಬ್ಬರೂ ಗಾಡಿಗೆ ಸಿಕ್ಕಿ ಸಾಯಬಾರದು ಅನ್ನುವುದು ನನ್ನ ಹಟ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ಪಾದಚಾರಿಗಳು. ಇದನ್ನು ಹಣೆಬರಹ ಅಂತ ಬಿಡಲು ನನಗೆ ಮನಸ್ಸಿಲ್ಲ.

ಮೊದಲು ನೋಡಬೇಕಾದದ್ದು ಪಾದ. ರಸ್ತೆ ಬಿಟ್ಟು ನಡೀರಿ ಅಂತ ಎಲ್ಲರೂ ಬೈಯುತ್ತಾರೆ. ಆದರೆ ಬರಿಗಾಲಿನವರಿಗೆ ಪಕ್ಕದ ಗರಸು ಚುಚ್ಚುತ್ತದೆ, ಜಾಲಿ ಮುಳ್ಳು ಬೇರೆ. ಡಾಂಬರು ಸುಡುತ್ತದೆ. ಅದಕ್ಕೇ ಅಂಚಿನ ಬಿಳಿ ಪಟ್ಟಿಯ ಮೇಲೆ ಸಾಲಾಗಿ ನಡೆಯುತ್ತಾರೆ, ಅಲ್ಲಿ ಕಾವು ಸ್ವಲ್ಪ ಕಡಿಮೆ. ಲಾರಿ ಸವರಿಕೊಂಡು ಹೋಗುವುದೂ ಅಲ್ಲೇ! ಹರಕೆ ಹೊತ್ತವರು ಚಪ್ಪಲಿ ಹಾಕುವುದಿಲ್ಲ. ಪಾದಕ್ಕೆ ದಪ್ಪ ಬಟ್ಟೆ ಸುತ್ತಿಕೊಳ್ಳಲು ಒಪ್ಪಿಸಿದೆವು. ಆಮೇಲೆ ಯಾರೂ ಹೇಳದೆಯೇ ಗರಸಿಗೆ ಇಳಿದರು.

ಬಿಸಿಲು ತಪ್ಪಿಸಲು ರಾತ್ರಿ ನಡೆದರೆ ಕತ್ತಲ ಕಾಟ. ಗಂಟೆಗೆ 60 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಡ್ರೈವರ್ ನೋಡಿ, ಬ್ರೇಕ್ ಒತ್ತಿ, ಗಾಡಿ ನಿಲ್ಲುವಷ್ಟರಲ್ಲಿ 40 ಮೀಟರ್ ದಾಟಿರುತ್ತದೆ. ಡಿಮ್ ಲೈಟಿನಲ್ಲಿ ಕಪ್ಪು ಶಾಲು ಹೊದ್ದವರು ಅಷ್ಟು ದೂರಕ್ಕೆ ಕಾಣುವುದು ಕಷ್ಟ. ಡಿಮ್ ಬೆಳಕು ಬೀಳುವುದು ಕೆಳಗೆ. ಹಾಗಾಗಿ ಹೊಳೆಯುವ ಪಟ್ಟಿಯನ್ನು ಇಲಾಸ್ಟಿಕ್‌ಗೆ ಹೊಲಿಸಿ, ಎರಡೂ ಕಣಕಾಲಿಗೆ ಹಾಕಿಸಿದೆವು. ಎದೆಯ ಮೇಲಿನ ಪಟ್ಟಿ ದೂರದಿಂದ ಮೈಲಿಗಲ್ಲಿನ ಹಾಗೆ ಸುಮ್ನೆ ನಿಂತಂತೆ ಕಾಣುತ್ತದೆ. ಕಾಲಿನ ಪಟ್ಟಿ ಹಿಂದೆ ಮುಂದೆ ಆಡುತ್ತದೆ, ಮನುಷ್ಯ ಅಂತ ತಕ್ಷಣ ಗೊತ್ತಾಗುತ್ತದೆ.

‘ಮಲ್ಲಯ್ಯ ಕಾಯ್ತಾನ, ಈ ಪಟ್ಟಿ ಯಾಕ ತಮ್ಮಾ?’ ಅಂದರು ಒಬ್ಬ ಹಿರಿಯರು. ‘ಮಲ್ಲಯ್ಯಗ ನೀವು ಕಾಣ್ತೀರಿ ಅಜ್ಜಾರ, ಡ್ರೈವರಗೂ ಕಾಣಬೇಕಲ್ರಿ’ ಅಂದೆ. ಕಾಲು ಚಾಚಿದರು.

ಉಳಿದ ಪಟ್ಟಿಯನ್ನು ನಸುಕಿನಲ್ಲಿ ಹಾಲು ಹಾಕುವವರ ಸೈಕಲ್‌ಗೆ ಅಂಟಿಸಿದೆವು. ಹಿಂದಿನ ಮಡ್‌ಗಾರ್ಡ್‌ಗೆ ಕೆಂಪು. ಪೆಡಲ್‌ಗೂ ಅಂಟಿಸಬೇಕು, ಏಕೆಂದರೆ ಪೆಡಲ್ ತಿರುಗುತ್ತದೆ.

ನಡೆಯುವುದು ಬಲಗಡೆ, ಬರುವ ಗಾಡಿ ಎದುರಿಗೇ ಕಾಣುವ ಹಾಗೆ. ಒಬ್ಬರ ಹಿಂದೆ ಒಬ್ಬರು, ಮುಂದಿನವರ ಕೈಯಲ್ಲಿ ಟಾರ್ಚ್. ಹರಕೆಗೆ ಮರಗಾಲು (ಎತ್ತರದ ಕೋಲುಗಾಲು) ಕಟ್ಟಿಕೊಂಡು ನಡೆಯುವವರು ಗರಸಿಗೆ ಇಳಿಯಲಾರರು, ಅವರ ಜೊತೆ ಇಬ್ಬರು ಇರಲೇಬೇಕು. ರಾತ್ರಿ ಎರಡರಿಂದ ಐದರವರೆಗೆ ನಾವು ನಡೆಯುವುದಿಲ್ಲ. ಡ್ರೈವರ್‌ಗಳಿಗೆ ತೂಕಡಿಕೆ ಬರುವ ಹೊತ್ತು ಅದು. ಮಲಗುವುದೂ ರಸ್ತೆಯಿಂದ ದೂರ, ಹೊಲದಲ್ಲೋ ಗುಡಿಯಲ್ಲೋ.

ದಾಸೋಹದ ಪೆಂಡಾಲು ದೊಡ್ಡ ತಲೆನೋವು. ಭಕ್ತಿಯಿಂದ ಮಜ್ಜಿಗೆ ಕೊಡುತ್ತಾರೆ, ಆದರೆ ರಸ್ತೆಗೆ ಅಂಟಿಕೊಂಡೇ ಹಾಕಿರುತ್ತಾರೆ. ಆ ಕಡೆಯವರೆಲ್ಲ ಓಡಿ ದಾಟುತ್ತಾರೆ, ಮಕ್ಕಳು ಕೂಡ. ಪೆಂಡಾಲು ಒಳಗೆ ಸರಿಸಿ, ಸಾಧ್ಯವಾದರೆ ಎರಡೂ ಬದಿ ಹಾಕಿ ಅಂತ ಹೊರಡುವ ಮೊದಲೇ ಕೇಳಿಕೊಳ್ಳುತ್ತೇವೆ. ಜಾಸ್ತಿ ಜನ ಒಪ್ಪುತ್ತಾರೆ.

ನಮ್ಮ ಕೈಯಲ್ಲಿ ಇಲ್ಲದ್ದು ವೇಗ. ಮನುಷ್ಯ ತಪ್ಪುವುದು ಸಹಜ, ಆ ತಪ್ಪಿಗೆ ಸಾವು ಶಿಕ್ಷೆ ಆಗಬಾರದು ಅಂತ ಸ್ವೀಡನ್ ಸಂಸತ್ತು 1997ರಲ್ಲೇ ರಸ್ತೆ ಸಾವನ್ನು ಸೊನ್ನೆಗೆ ಇಳಿಸುವ ಗುರಿ ಹಾಕಿಕೊಂಡಿತು. 30 ಕಿ.ಮೀ. ವೇಗದಲ್ಲಿ ಗುದ್ದಿದರೆ ಬಹುಪಾಲು ಜನ ಬದುಕುತ್ತಾರೆ, ವೇಗ ಏರಿದಂತೆ ಸಾವು ಜಾಸ್ತಿ. ಬ್ಯಾರಿಕೇಡ್ ಇಟ್ಟ ಕಡೆ ಲಾರಿಗಳು ನಿಧಾನವಾಗುತ್ತವೆ, ದಾಟಿದ ಮೇಲೆ ಮತ್ತೆ ಓಟ. ಅದಕ್ಕೇ ಪೊಲೀಸರಿಗೆ ಕೊಡುವ ಮನವಿಯಲ್ಲಿ ಪ್ರತಿ ದಾಸೋಹದ ಎರಡೂ ತುದಿಗೆ ಬ್ಯಾರಿಕೇಡ್ ಕೇಳುತ್ತೇವೆ, ಜಾಗಗಳ ಪಟ್ಟಿ ಬರೆದೇ ಕೊಡುತ್ತೇವೆ.