ಆಂಬುಲೆನ್ಸ್‌ನ ಫೆಂಟನಿಲ್: ಅರ್ಧ ಆಂಪ್ಯೂಲಿಗೂ ಲೆಕ್ಕ ಇಡುವುದು ಹೀಗೆ

ನಾನು ಎಮರ್ಜೆನ್ಸಿಯ ಇನ್‌ಚಾರ್ಜ್ ಸಿಸ್ಟರ್. ನಮ್ಮ ಐಸಿಯು ಆಂಬುಲೆನ್ಸ್‌ನ ಔಷಧಿ ಪೆಟ್ಟಿಗೆಯ ಜವಾಬ್ದಾರಿ ನನ್ನದು. ಹೊಸದಾಗಿ ಸೇರಿದವರು ಕೇಳುವ ಪ್ರಶ್ನೆ ಒಂದೇ: "ಇಷ್ಟು ಚಿಕ್ಕ ಆಂಪ್ಯೂಲಿಗೆ ಇಷ್ಟೊಂದು ಸಹಿ ಯಾಕೆ ಸಿಸ್ಟರ್?"

ಯಾಕಂದ್ರೆ ಈ ಗಾಜಿನ ಪುಟ್ಟ ಸೀಸೆಗಳಲ್ಲಿರುವ ಫೆಂಟನಿಲ್, ಮಾರ್ಫಿನ್‌ನಂಥ ಬಲವಾದ ನೋವುನಿವಾರಕಗಳು 1985ರ ಎನ್‌ಡಿಪಿಎಸ್ ಕಾಯ್ದೆಗೆ, ಅಂದ್ರೆ ಮಾದಕ ವಸ್ತುಗಳ ನಿಯಂತ್ರಣ ಕಾಯ್ದೆಗೆ ಸೇರಿದ ಔಷಧಿಗಳು. ಮೊದಲು ಮಾರ್ಫಿನ್ ತರಿಸಬೇಕಂದ್ರೆ ಒಂದೊಂದು ರಾಜ್ಯದಲ್ಲಿ ಒಂದೊಂದು ನಿಯಮ, ಹಲವು ಲೈಸೆನ್ಸು. 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು, 2015ರಲ್ಲಿ ಹೊಸ ನಿಯಮ ಬಂತು. ಮಾರ್ಫಿನ್, ಫೆಂಟನಿಲ್ ಸೇರಿ ಆರು ಔಷಧಿಗಳಿಗೆ ಈಗ ದೇಶಕ್ಕೆಲ್ಲ ಒಂದೇ ನಿಯಮ. ರಾಜ್ಯದ ಔಷಧ ನಿಯಂತ್ರಕರು ಆಸ್ಪತ್ರೆಗೆ ಮಾನ್ಯತೆ ಕೊಡುತ್ತಾರೆ, ಒಬ್ಬ ಡಾಕ್ಟರ್ ಹೊಣೆ ಹೊರುತ್ತಾರೆ, ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಬೇಕು. ಅರಿವಳಿಕೆಯ ಕೆಟಮಿನ್ ಆ ಆರರಲ್ಲಿಲ್ಲ, ಅದು ಔಷಧಿ ನಿಯಮಗಳ ಬೇರೆ ಪಟ್ಟಿಯಾದ ಶೆಡ್ಯೂಲ್ ಎಕ್ಸ್. ನಿದ್ದೆ ಬರಿಸುವ ಮಿಡಜೋಲಾಮ್ ಇನ್ನೊಂದು ಪಟ್ಟಿ, ಶೆಡ್ಯೂಲ್ ಎಚ್1. ನಾವು ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುತ್ತೇವೆ. ರಿಜಿಸ್ಟರಿನಲ್ಲಿ ಮಾತ್ರ ಒಂದೊಂದಕ್ಕೂ ಬೇರೆ ಪುಟ.

ಶಿಫ್ಟ್ ಬದಲಾಗುವಾಗ ಹೋಗುವವರು, ಬರುವವರು ಇಬ್ಬರೂ ನಿಂತು ಎಣಿಸಿ. ಹಿಂದಿನ ಸಾಲಿನ ಅಂಕಿ ನೋಡಿ ಸುಮ್ನೆ ಇಳಿಸಬೇಡಿ. ಆಂಪ್ಯೂಲನ್ನು ಬೆಳಕಿಗೆ ಹಿಡಿದು ಹೆಸರು, ಬ್ಯಾಚ್, ಎಕ್ಸ್‌ಪೈರಿ ಓದಿ, ಆಮೇಲೆ ಸಹಿ.

ಲೆಕ್ಕ ತಪ್ಪುವುದು ಜಾಸ್ತಿ ಉಳಿಕೆಯಲ್ಲಿ. ಫೆಂಟನಿಲ್‌ನ 2 ಎಂಎಲ್ ಆಂಪ್ಯೂಲಿನಲ್ಲಿ 100 ಮೈಕ್ರೋಗ್ರಾಂ ಇರುತ್ತದೆ. ಡಾಕ್ಟರ್ 60 ಕೊಡಿ ಅಂದರು ಅನ್ನಿ. 1.2 ಎಂಎಲ್ ಹೋಯಿತು, ಸಿರಿಂಜಿನಲ್ಲಿ 0.8 ಉಳಿಯಿತು. ಹೀಗೆ ಬರೆಯಿರಿ: ತೆಗೆದದ್ದು 100, ಕೊಟ್ಟದ್ದು 60, ಡಿಸ್ಕಾರ್ಡ್ 40. ರೋಗಿಯ ಹೆಸರು, ಐಪಿ (ಒಳರೋಗಿ) ನಂಬರ್, ಹೊತ್ತು, ಹೇಳಿದ ಡಾಕ್ಟರ್, ಎಲ್ಲ ಅದೇ ಸಾಲಿನಲ್ಲಿ. ಸಾಕ್ಷಿ ಸಹಿ ಹಾಕುವವರು ಚೆಲ್ಲುವುದನ್ನು ಕಣ್ಣಾರೆ ನೋಡಿರಬೇಕು. "ಚೆಲ್ಲಿಬಿಡಿ ಸಿಸ್ಟರ್, ಆಮೇಲೆ ಸಹಿ ಮಾಡ್ತೀನಿ" ಅನ್ನುವ ಡಾಕ್ಟರಿಗೂ ನಾನು ಒಪ್ಪುವುದಿಲ್ಲ.

ಓಡುವ ಗಾಡಿಯಲ್ಲಿ ಸಾಕ್ಷಿ ಯಾರು? ಡ್ರೈವರ್ ಅಲ್ಲ, ಅವರ ಕಣ್ಣು ರಸ್ತೆ ಮೇಲಿರಲಿ. ಡಾಕ್ಟರ್ ರೋಗಿಯ ಉಸಿರಾಟದ ಟ್ಯೂಬ್ ಹಿಡಿದುಕೊಂಡಿದ್ದರೆ ಉಳಿಕೆಯ ಸಿರಿಂಜಿಗೆ ಸೂಜಿ ತೆಗೆದು ಕ್ಯಾಪ್ ಹಾಕಿ, ಲೇಬಲ್ ಅಂಟಿಸಿ, ಪೆಟ್ಟಿಗೆಯೊಳಗೇ ಬೀಗ ಹಾಕಿಡಿ. ರೋಗಿಯನ್ನು ಒಪ್ಪಿಸುವ ಆಸ್ಪತ್ರೆ ತಲುಪಿದ ಮೇಲೆ ಅಲ್ಲಿನ ಡ್ಯೂಟಿ ನರ್ಸ್ ಎದುರು ಚೆಲ್ಲಿ ಸಹಿ ತಗೊಳ್ಳಿ. ಜೇಬಿಗೆ ಮಾತ್ರ ಹಾಕಬೇಡಿ, ಎರಡು ನಿಮಿಷಕ್ಕೂ ಬೇಡ.

ಇನ್ನೂ ಕಷ್ಟ ಅಂದ್ರೆ ಸಿರಿಂಜ್ ಪಂಪ್, ಔಷಧಿಯನ್ನು ನಿಧಾನವಾಗಿ ತಾನೇ ತಳ್ಳುವ ಯಂತ್ರ. 50 ಎಂಎಲ್ ಸಿರಿಂಜಿನಲ್ಲಿ ಫೆಂಟನಿಲ್ ಓಡುತ್ತಿರುತ್ತದೆ, ರೋಗಿಯನ್ನು ಒಪ್ಪಿಸುವ ಗಡಿಬಿಡಿಯಲ್ಲಿ ಆ ಆಸ್ಪತ್ರೆಯವರು ತಮ್ಮ ಪಂಪ್ ಹಚ್ಚುತ್ತಾರೆ, ನಮ್ಮ ಸಿರಿಂಜ್ ಟ್ರಾಲಿ ಮೇಲೇ ಉಳಿಯುತ್ತದೆ. ಪಂಪ್ ಆಫ್ ಮಾಡುವ ಮುಂಚೆ ಎಷ್ಟು ಎಂಎಲ್ ಹೋಗಿದೆ ಅಂತ ನೋಡಿ ಬರೆದುಕೊಳ್ಳಿ. ಕೆಲವು ಪಂಪ್‌ಗಳಲ್ಲಿ ಆಫ್ ಮಾಡಿದರೆ ಆ ಅಂಕಿ ಹೋಗಿಬಿಡುತ್ತದೆ.

ಖಾಲಿ ಆಂಪ್ಯೂಲ್ ವಾಪಸ್ ತನ್ನಿ. ನಮ್ಮಲ್ಲಿ ಖಾಲಿ ಕೊಟ್ಟರೆ ಮಾತ್ರ ಫಾರ್ಮಸಿಯವರು ತುಂಬಿದ್ದು ಕೊಡುತ್ತಾರೆ. ಕೈಜಾರಿ ಒಡೆದರೆ ಗುಡಿಸಿ ಎಸೆಯಬೇಡಿ. ಲೇಬಲ್ ಇರುವ ಚೂರನ್ನು ಫೋರ್ಸೆಪ್ಸ್‌ನಲ್ಲಿ (ಚಿಮಟದಲ್ಲಿ) ಎತ್ತಿ ಡಬ್ಬಿಗೆ ಹಾಕಿ, ಅದೇ ಶಿಫ್ಟಿನಲ್ಲಿ ರಿಪೋರ್ಟ್ ಬರೆಯಿರಿ.

ತಪ್ಪು ಬರೆದರೆ ವೈಟ್ನರ್ ಬೇಡ. ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಹಾಕಿ. ಒಂದು ಆಂಪ್ಯೂಲ್ ಕಡಿಮೆ ಬಂದರೆ ಡಿಸ್ಕಾರ್ಡ್ ಜಾಸ್ತಿ ತೋರಿಸಿ ಸರಿದೂಗಿಸಬೇಡಿ. ರಾತ್ರಿ ಎರಡು ಗಂಟೆಯಾದರೂ ಸರಿ, ಹೊಣೆ ಹೊತ್ತ ಡಾಕ್ಟರಿಗೆ ಫೋನ್ ಮಾಡಿ. ಅವರು ಬೈದರೆ ಬೈಯಲಿ.

ಪುಟ ಮುಗಿದ ರಿಜಿಸ್ಟರನ್ನು ರದ್ದಿಗೆ ಹಾಕುವಂತಿಲ್ಲ. ಕೊನೆಯ ಎಂಟ್ರಿಯಿಂದ 2 ವರ್ಷ ಇಡಲೇಬೇಕು. ನಮ್ಮವು ಫಾರ್ಮಸಿಯ ಕಬ್ಬಿಣದ ಬೀರುವಿನಲ್ಲಿವೆ, ಕೆಳಗಿನ ಅರೆಯಲ್ಲಿ.