ಬಾಯಿಮಾತಿನ ಕೆಲಸ, ಅಳತೆ ಪುಸ್ತಕದ ಸಾಕ್ಷ್ಯ: ನನ್ನ ಅನುಭವ

ಒಂದು ಪುರಸಭೆಯ ಚರಂಡಿ ಕಾಮಗಾರಿಯನ್ನು ನಾನು 2016ರ ಮೇ ತಿಂಗಳಲ್ಲಿ ಮುಗಿಸಿಕೊಟ್ಟೆ. ಟೆಂಡರಿನಲ್ಲಿದ್ದ ಕೆಲಸಕ್ಕೆ ಹಣ ಬಂದಿತು. ಆದರೆ ಸ್ಥಳದಲ್ಲೇ ಬಾಯಿಮಾತಿನಲ್ಲಿ ಹೇಳಿ ಮಾಡಿಸಿಕೊಂಡ ಹೆಚ್ಚುವರಿ ಚರಂಡಿ, ಮೂರು ಅಡ್ಡಮೋರಿ ಹಾಗೂ ಬಂಡೆ ಒಡೆದ ಕೆಲಸದ 18 ಲಕ್ಷ ರೂಪಾಯಿ ಬಿಲ್ಲು ಪಾಸಾಗಲಿಲ್ಲ. 2019ರಲ್ಲಿ ಮುಖ್ಯಾಧಿಕಾರಿಗಳು ಬದಲಾದ ಮೇಲೆ, ಇದಕ್ಕೆ ಕಾರ್ಯಾದೇಶವೇ ಇಲ್ಲವೆಂದು ಉತ್ತರ ಬಂದಿತು.

ನಾನು ವಕೀಲರ ಬಳಿ ಹೋಗುವಷ್ಟರಲ್ಲಿ, ಮಾಡಿದ ಕೆಲಸದ ಹಣಕ್ಕೆ ದಾವೆ ಹೂಡಲು 1963ರ ಕಾಲಮಿತಿ ಅಧಿನಿಯಮ ಕೊಡುವ ಮೂರು ವರ್ಷ ಕಳೆದಿತ್ತು. ನನ್ನನ್ನು ಉಳಿಸಿದ್ದು ಹಿಂದಿನ ಮುಖ್ಯಾಧಿಕಾರಿಗಳು 2018ರ ಅಕ್ಟೋಬರಿನಲ್ಲಿ ಸಹಿ ಮಾಡಿ ಕಳುಹಿಸಿದ್ದ ನಾಲ್ಕು ಸಾಲಿನ ಪತ್ರ. ಬಾಕಿ ಮೊತ್ತವನ್ನು ಅನುದಾನ ಬಂದ ನಂತರ ಪಾವತಿಸಲಾಗುವುದು ಎಂದು ಅದರಲ್ಲಿತ್ತು. ಅವಧಿ ಮುಗಿಯುವ ಮುನ್ನ ಬಾಕಿಯನ್ನು ಲಿಖಿತವಾಗಿ ಒಪ್ಪಿ ಸಹಿ ಮಾಡಿದರೆ, ಹಣ ಕೊಡುವ ಕಾಲ ಇನ್ನೂ ಬಂದಿಲ್ಲವೆಂದು ಬರೆದಿದ್ದರೂ, ಅದೇ ಅಧಿನಿಯಮದ 18ನೇ ಪ್ರಕರಣದಂತೆ ಆ ದಿನದಿಂದ ಕಾಲಮಿತಿ ಹೊಸದಾಗಿ ಆರಂಭವಾಗುತ್ತದೆ. ಕಚೇರಿ ಪತ್ರಗಳನ್ನು ಲಕೋಟೆ ಸಮೇತ ಇಟ್ಟುಕೊಳ್ಳಿ ಎಂದು ಈಗ ಕಿರಿಯ ಗುತ್ತಿಗೆದಾರರಿಗೆಲ್ಲ ಹೇಳುತ್ತೇನೆ.

ಮಾಹಿತಿ ಹಕ್ಕಿನಡಿ ಅಳತೆ ಪುಸ್ತಕದ ದೃಢೀಕೃತ ಪ್ರತಿಗೆ ಅರ್ಜಿ ಹಾಕಿದೆ. ಅದರ ಎರಡು ಪುಟಗಳಲ್ಲಿ ಹೆಚ್ಚುವರಿ ಚರಂಡಿ ಮತ್ತು ಅಡ್ಡಮೋರಿಗಳ ಅಳತೆಯನ್ನು ಕಿರಿಯ ಅಭಿಯಂತರರು ದಿನಾಂಕ ಸಹಿತ ನಮೂದಿಸಿದ್ದರು. ವಾಣಿಜ್ಯ ನ್ಯಾಯಾಲಯಕ್ಕೆ ಹೋಗುವ ಮುನ್ನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಧ್ಯಸ್ಥಿಕೆಗೆ ಅರ್ಜಿ ಸಲ್ಲಿಸಬೇಕಿತ್ತು. ಪುರಸಭೆಯವರು ಬರಲೇ ಇಲ್ಲ.

ದಾವೆಯಲ್ಲಿ ಒಪ್ಪಂದ ಭಂಗವನ್ನೇ ನೆಚ್ಚಿಕೊಳ್ಳದೆ, ಕರಾರು ಅಧಿನಿಯಮದ 70ನೇ ಪ್ರಕರಣವನ್ನು ಮುಂದಿಟ್ಟೆವು. ಉಚಿತವಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬರು ನ್ಯಾಯಸಮ್ಮತವಾಗಿ ಮಾಡಿಕೊಟ್ಟ ಕೆಲಸದ ಲಾಭ ಪಡೆದವರು ಅದರ ಮೌಲ್ಯ ಕೊಡಬೇಕೆನ್ನುವ ಈ ನಿಯಮ, ವಿಧಿವತ್ತಾದ ಒಪ್ಪಂದವಿಲ್ಲದಿದ್ದರೂ ಸರ್ಕಾರಕ್ಕೆ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 1961ರಲ್ಲೇ ಬಿ.ಕೆ. ಮಂಡಲ್ ಪ್ರಕರಣದಲ್ಲಿ ಹೇಳಿದೆ. ಆ ಚರಂಡಿಯಲ್ಲಿ ಊರಿನ ನೀರು ಹರಿಯುತ್ತಿರುವುದನ್ನು ಪಾಟಿಸವಾಲಿನಲ್ಲಿ ಕಿರಿಯ ಅಭಿಯಂತರರು ಒಪ್ಪಿದರು, ಸಹಿಯೂ ತಮ್ಮದೇ ಎಂದರು.

ಚರಂಡಿ ಮತ್ತು ಅಡ್ಡಮೋರಿಗಳ ಹಣಕ್ಕೆ ಬಡ್ಡಿ ಸಹಿತ ಡಿಕ್ರಿಯಾಯಿತು. ಬಂಡೆ ಒಡೆದ 2 ಲಕ್ಷ 40 ಸಾವಿರ ರೂಪಾಯಿ ಮಾತ್ರ ತಿರಸ್ಕೃತವಾಯಿತು. ಅಳತೆ ಬರೆಸುವ ಮೊದಲೇ, ಮಳೆ ಬಂದೀತೆಂಬ ಅವಸರದಲ್ಲಿ, ಆ ಕಂದಕಕ್ಕೆ ನಾನು ಮಣ್ಣು ಮುಚ್ಚಿಸಿಬಿಟ್ಟಿದ್ದೆ.