ಪೆಟ್ಟಿಗೆ ಮೇಲೆ 3200, ಪರದೆಯಲ್ಲಿ 2133: ರ‍್ಯಾಮ್‌ಗೆ ಪೂರ್ತಿ ವೇಗ ಕೊಡಿಸುವುದು ಹೇಗೆ?

ಹೊಸ ರ‍್ಯಾಮ್ ತಂದು ಕೂರಿಸಿದ್ದಾಯಿತು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 3200 ಎಂದಿದೆ, ಕಂಪ್ಯೂಟರ್ ಮಾತ್ರ 2133 ತೋರಿಸುತ್ತಿದೆ. ರ‍್ಯಾಮ್ ಕೆಟ್ಟಿರಬಹುದು ಎಂದು ಗಾಬರಿಯಾಗಬೇಕಿಲ್ಲ. ಪೆಟ್ಟಿಗೆಯ ಮೇಲಿನ ವೇಗ ತಾನಾಗಿ ಬರುವುದಿಲ್ಲ, ಕೇಳಿ ಪಡೆಯಬೇಕು. ಕೇಳಿದ ಮೇಲೂ ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಅದಕ್ಕೆ ಒಪ್ಪಬೇಕು.

ಮೊದಲು ಈಗಿನ ವೇಗ ನೋಡಿ

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಆರಿಸಿದರೆ ವೇಗವೂ, ಎಷ್ಟು ಸ್ಲಾಟ್ ತುಂಬಿವೆ ಎಂಬುದೂ ಕಾಣುತ್ತದೆ. ಸಿಪಿಯು-ಝಡ್ ತಂತ್ರಾಂಶ ಬಳಸುವವರು ಒಂದು ವಿಷಯ ನೆನಪಿಡಬೇಕು. ಅದು ತೋರಿಸುವುದು ಗಡಿಯಾರದ ನಿಜವಾದ ಬಡಿತವನ್ನು. ಡಿಡಿಆರ್ ಮೆಮೊರಿ ಪ್ರತಿ ಬಡಿತಕ್ಕೆ ಎರಡು ಸಲ ದತ್ತಾಂಶ ಸಾಗಿಸುವುದರಿಂದ ಅಲ್ಲಿ 1600 ಮೆಗಾಹರ್ಟ್ಸ್ ಕಂಡರೆ ಅದೇ 3200. ಅರ್ಧ ವೇಗವೇ ಸಿಗುತ್ತಿದೆ ಎಂದು ದೂರುವ ಎಷ್ಟೋ ಜನರ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ.

ಕಡಿಮೆ ವೇಗ ಏಕೆ?

ಪ್ರತಿ ರ‍್ಯಾಮ್ ಪಟ್ಟಿಯ ಮೇಲೂ ಎಸ್‌ಪಿಡಿ ಎಂಬ ಪುಟ್ಟ ಚಿಪ್ ಇರುತ್ತದೆ. ಪಟ್ಟಿಯ ಸಾಮರ್ಥ್ಯ, ವೇಗ, ಟೈಮಿಂಗ್ (ಪ್ರತಿ ಹಂತಕ್ಕೆ ಎಷ್ಟು ಬಡಿತ ಕಾಯಬೇಕೆಂಬ ಲೆಕ್ಕ), ವೋಲ್ಟೇಜ್ ಎಲ್ಲ ಅದರಲ್ಲಿ ಬರೆದಿರುತ್ತವೆ. ಕಂಪ್ಯೂಟರ್ ಆನ್ ಆದಾಗ ಮದರ್‌ಬೋರ್ಡ್ ಅದನ್ನು ಓದಿ, ಜೆಡೆಕ್ ಸಂಸ್ಥೆಯ ಮಾನದಂಡಕ್ಕೆ ಸೇರಿದ ವೇಗವನ್ನು ಆರಿಸಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಿನ ವೇಗ ಅದೇ ಚಿಪ್‌ನಲ್ಲಿ ಬೇರೆ ಪ್ರೊಫೈಲ್ ಆಗಿ ಕೂತಿರುತ್ತದೆ. ಇಂಟೆಲ್ 2007ರಲ್ಲಿ ಡಿಡಿಆರ್3 (ಡಿಡಿಆರ್ ಮೆಮೊರಿಯ ಮೂರನೇ ತಲೆಮಾರು) ಕಾಲಕ್ಕೆ ತಂದ ಎಕ್ಸ್‌ಎಂಪಿ, ಎಎಂಡಿ 2022ರಲ್ಲಿ ಡಿಡಿಆರ್5ಗಾಗಿ ತಂದ ಎಕ್ಸ್‌ಪೋ ಎರಡೂ ಇಂಥ ಪ್ರೊಫೈಲ್‌ಗಳೇ.

ಯಾವುದು ಮಾನದಂಡದ ವೇಗ, ಯಾವುದು ಪ್ರೊಫೈಲ್ ವೇಗ ಎಂದು ಪಟ್ಟಿಯ ಮೇಲಿನ ಲೇಬಲ್ಲೇ ಹೇಳುತ್ತದೆ. ವೋಲ್ಟೇಜ್ ನೋಡಿ. ಡಿಡಿಆರ್4ರ ಮಾನದಂಡ 1.2 ವೋಲ್ಟ್, ಡಿಡಿಆರ್5ರದ್ದು 1.1 ವೋಲ್ಟ್. ಲೇಬಲ್‌ನಲ್ಲಿ 3200, ಸಿಎಲ್22 (ಕೇಳಿದ ದತ್ತಾಂಶ ಬರಲು 22 ಬಡಿತ ಕಾಯಬೇಕು ಎಂದರ್ಥ), 1.2 ವೋಲ್ಟ್ ಎಂದಿದ್ದರೆ ಪ್ರೊಸೆಸರ್‌ಗೆ ತಾಳಿಕೆಯಿರುವ ಮಟ್ಟಿಗೆ ಆ ವೇಗ ತಾನಾಗಿಯೇ ಬರುತ್ತದೆ. 3200, ಸಿಎಲ್16, 1.35 ವೋಲ್ಟ್ ಎಂದಿದ್ದರೆ ಅದು ಎಕ್ಸ್‌ಎಂಪಿ ವೇಗ, ನೀವೇ ಆನ್ ಮಾಡಬೇಕು. ಎರಡೂ 3200 ಆದರೂ ಒಂದೇ ಅಲ್ಲ. ಸಿಎಲ್ ಸಂಖ್ಯೆಯನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ವಿಳಂಬ ನ್ಯಾನೋಸೆಕೆಂಡ್‌ನಲ್ಲಿ ಸಿಗುತ್ತದೆ. ಮೊದಲನೆಯದು 13.75, ಎರಡನೆಯದು 10. ಡಿಡಿಆರ್5ರಲ್ಲಿ 6000, ಸಿಎಲ್30 ಪಟ್ಟಿಗೂ ಲೆಕ್ಕ ಹಾಕಿದರೆ ಅದೇ 10 ಬರುತ್ತದೆ.

ಬಯೋಸ್‌ಗೆ ಹೋಗುವ ಮುನ್ನ

ಪ್ರೊಫೈಲ್ ಆನ್ ಮಾಡುವುದು ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡ್‌ನ ತಂತ್ರಾಂಶದಲ್ಲಿ. ಅದಕ್ಕೂ ಮುನ್ನ ಪಟ್ಟಿಗಳು ಸರಿಯಾದ ಸ್ಲಾಟ್‌ನಲ್ಲಿವೆಯೇ ನೋಡಿ. ನಾಲ್ಕು ಸ್ಲಾಟ್ ಇರುವ ಸಾಮಾನ್ಯ ಬೋರ್ಡ್‌ಗಳಲ್ಲಿ ಎರಡೇ ಪಟ್ಟಿ ಇದ್ದರೆ ಅವು ಪ್ರೊಸೆಸರ್ ಕಡೆಯಿಂದ ಎಣಿಸಿದಾಗ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ನಲ್ಲಿರಬೇಕು. ಬೋರ್ಡ್ ಮೇಲೆ ಎ2, ಬಿ2 ಎಂದು ಬರೆದಿರುವುದು ಇವಕ್ಕೇ. ಅಕ್ಕಪಕ್ಕ ಹಾಕಿದರೆ ಎರಡೂ ಒಂದೇ ಚಾನೆಲ್‌ಗೆ (ಪ್ರೊಸೆಸರ್‌ಗೆ ದತ್ತಾಂಶ ಸಾಗುವ ದಾರಿ) ಸೇರಿ, ಸಾಗಣೆಯ ಸಾಮರ್ಥ್ಯ ಅರ್ಧಕ್ಕಿಳಿಯುತ್ತದೆ. 3200ರಲ್ಲಿ ಒಂದು ಚಾನೆಲ್ ಸೆಕೆಂಡಿಗೆ 25.6 ಗಿಗಾಬೈಟ್ ಸಾಗಿಸಿದರೆ ಎರಡು ಸೇರಿ 51.2 ಸಾಗಿಸುತ್ತವೆ. ಇಲ್ಲಿನ ತಪ್ಪನ್ನು ಯಾವ ಎಕ್ಸ್‌ಎಂಪಿಯೂ ತುಂಬಿಕೊಡಲಾರದು.

ಮುಖ್ಯ ಕಡತಗಳ ಪ್ರತಿ ಬೇರೆ ಡಿಸ್ಕ್‌ನಲ್ಲಿರಲಿ. ಅಸ್ಥಿರ ಮೆಮೊರಿ ಕಡತಗಳನ್ನು ಸದ್ದಿಲ್ಲದೆ ಕೆಡಿಸಬಲ್ಲದು. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬಯೋಸ್ ಅಪ್‌ಡೇಟ್ ಮಾಡಿದಾಗ ಅಥವಾ ಸೆಟ್ಟಿಂಗ್ ಅಳಿಸಿದಾಗ ವಿಂಡೋಸ್ ಅದನ್ನು ಕೇಳುವುದುಂಟು, ಆಗ ಹುಡುಕುತ್ತ ಕೂರುವುದು ಯಾರಿಗೂ ಬೇಡ.

ಡಿಡಿಆರ್5 ಬೋರ್ಡ್ ಆಗಿದ್ದರೆ ಬಯೋಸ್ ಅನ್ನು ಹೊಸ ಆವೃತ್ತಿಗೆ ತನ್ನಿ. ಮೆಮೊರಿ ಹೊಂದಾಣಿಕೆಯ ಎಷ್ಟೋ ತೊಂದರೆಗಳು ಇಷ್ಟರಿಂದಲೇ ನೀಗುತ್ತವೆ. ಎಎಂಡಿಯ ರೈಜನ್ 7000 ಸರಣಿಯ ಪ್ರೊಸೆಸರ್ ಇರುವವರಿಗಂತೂ ಇದು ಸುರಕ್ಷತೆಯ ಮಾತು: 2023ರಲ್ಲಿ ಈ ಸರಣಿಯ ಎಕ್ಸ್3ಡಿ ಪ್ರೊಸೆಸರ್‌ಗಳು ಸುಟ್ಟುಹೋದ ಘಟನೆಗಳ ನಂತರ ಎಎಂಡಿ, ಎಸ್‌ಒಸಿ ವೋಲ್ಟೇಜ್ (ಪ್ರೊಸೆಸರ್‌ನೊಳಗಿನ ಮೆಮೊರಿ ಕಂಟ್ರೋಲರ್ ಇರುವ ಭಾಗದ ವೋಲ್ಟೇಜ್) 1.3 ದಾಟದಂತೆ ಹೊಸ ಬಯೋಸ್‌ಗಳಲ್ಲಿ ಮಿತಿ ಹಾಕಿತು.

ಪ್ರೊಫೈಲ್ ಆನ್ ಮಾಡುವುದು

ಕಂಪ್ಯೂಟರ್ ಆನ್ ಆಗುತ್ತಿದ್ದಂತೆ ಡಿಲೀಟ್ ಅಥವಾ ಎಫ್2 ಕೀಲಿಯನ್ನು ಬಿಟ್ಟುಬಿಟ್ಟು ಒತ್ತುತ್ತಿರಿ. ಬಯೋಸ್‌ನಲ್ಲಿ ಹುಡುಕಬೇಕಾದ ಹೆಸರು ಕಂಪನಿಯಿಂದ ಕಂಪನಿಗೆ ಬೇರೆ. ಏಸಸ್‌ನಲ್ಲಿ ‘ಎಐ ಓವರ್‌ಕ್ಲಾಕ್ ಟ್ಯೂನರ್’, ಅದರ ಹಳೆಯ ಎಎಂಡಿ ಬೋರ್ಡ್‌ಗಳಲ್ಲಿ ‘ಡಿಒಸಿಪಿ’. ಗಿಗಾಬೈಟ್‌ನಲ್ಲಿ ‘ಟ್ವೀಕರ್’ ಪುಟದ ‘ಎಕ್ಸ್‌ಟ್ರೀಮ್ ಮೆಮೊರಿ ಪ್ರೊಫೈಲ್’. ಎಂಎಸ್‌ಐನಲ್ಲಿ ಮೊದಲ ಪರದೆಯ ಮೇಲ್ಭಾಗದಲ್ಲೇ ಗುಂಡಿ ಇರುತ್ತದೆ. ಎಎಸ್‌ರಾಕ್‌ನಲ್ಲಿ ‘ಒಸಿ ಟ್ವೀಕರ್’ ಒಳಗೆ ನೋಡಿ. ಎಎಂಡಿಯ ಡಿಡಿಆರ್5 ಬೋರ್ಡ್‌ಗಳಲ್ಲಿ ಎಕ್ಸ್‌ಪೋ ಎಂದಿರುತ್ತದೆ.

ಪ್ರೊಫೈಲ್ ಆರಿಸಿದ ಕೂಡಲೇ ಹೊರಬರಬೇಡಿ. ಅಲ್ಲಿ ತುಂಬಿಕೊಂಡ ವೇಗ, ಟೈಮಿಂಗ್, ವೋಲ್ಟೇಜ್ ಮೂರೂ ಲೇಬಲ್‌ಗೆ ತಾಳೆಯಾಗುತ್ತವೆಯೇ ನೋಡಿ, ಆಮೇಲೆ ಎಫ್10 ಒತ್ತಿ ಉಳಿಸಿ. ಏಸಸ್‌ನಲ್ಲಿ ಎಕ್ಸ್‌ಎಂಪಿ 1, ಎಕ್ಸ್‌ಎಂಪಿ 2 ಎಂದು ಎರಡು ಆಯ್ಕೆ ಕಂಡರೆ ಅವು ಎರಡು ವೇಗಗಳಲ್ಲ. ಮೊದಲನೆಯದರಲ್ಲಿ ಮುಖ್ಯ ಟೈಮಿಂಗ್‌ಗಳನ್ನಷ್ಟೇ ಪ್ರೊಫೈಲ್‌ನಿಂದ ತೆಗೆದುಕೊಂಡು ಉಳಿದದ್ದನ್ನು ಬೋರ್ಡ್ ನಿರ್ಧರಿಸುತ್ತದೆ, ಎರಡನೆಯದರಲ್ಲಿ ಪ್ರೊಫೈಲ್ ಇದ್ದಹಾಗೆ ಬರುತ್ತದೆ. ಒಂದು ಸರಿಹೋಗದಿದ್ದರೆ ಇನ್ನೊಂದನ್ನು ನೋಡಬಹುದು.

ಇನ್ನು ತಾಳ್ಮೆ. ಉಳಿಸಿ ಹೊರಬಂದ ಮೇಲೆ ಪರದೆ ಕಪ್ಪಾಗಿಯೇ ಇರಬಹುದು. ಹೊಸ ವೇಗದಲ್ಲಿ ಸಂಕೇತಗಳು ಸರಿಯಾಗಿ ತಲುಪುವಂತೆ ಬೋರ್ಡ್ ಪ್ರತಿ ತಂತಿಯ ಸಮಯವನ್ನೂ ಹೊಂದಿಸಿಕೊಳ್ಳುತ್ತಿರುತ್ತದೆ, ಇದಕ್ಕೆ ಮೆಮೊರಿ ಟ್ರೈನಿಂಗ್ ಎನ್ನುತ್ತಾರೆ. ಡಿಡಿಆರ್5ರಲ್ಲಿ ಇದು ಕೆಲವು ನಿಮಿಷ ಹಿಡಿಯುವುದುಂಟು, ಪಟ್ಟಿಗಳ ಗಾತ್ರ ದೊಡ್ಡದಾದರೆ ಇನ್ನೂ ಹೆಚ್ಚು. ಎರಡನೇ ನಿಮಿಷಕ್ಕೇ ಪವರ್ ಗುಂಡಿ ಒತ್ತಿ ಕೆಲಸ ಕೆಡಿಸಿಕೊಳ್ಳುವವರೇ ಜಾಸ್ತಿ. ಹತ್ತು ನಿಮಿಷ ಬಿಟ್ಟುಬಿಡಿ.

ಆನ್ ಆಗದಿದ್ದರೆ

ಬಹುತೇಕ ಬೋರ್ಡ್‌ಗಳು ಕೆಲವು ಸಲ ಪ್ರಯತ್ನಿಸಿ, ಸೋತು, ಹಳೆಯ ವೇಗಕ್ಕೆ ತಾವೇ ಮರಳುತ್ತವೆ. ಮರಳದಿದ್ದರೆ ಸಿಎಂಒಎಸ್, ಅಂದರೆ ಬಯೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗವನ್ನು, ಅಳಿಸಬೇಕು. ಪವರ್ ಕೇಬಲ್ ಕಿತ್ತು, ಬೋರ್ಡ್ ಮೇಲೆ ಅದಕ್ಕೆಂದೇ ಇರುವ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡ್ ಮುಟ್ಟಿಸಿ ಹಿಡಿಯಿರಿ. ಪಿನ್ ಯಾವುವು ಎಂದು ಕೈಪಿಡಿಯಲ್ಲಿ ಖಚಿತ ಮಾಡಿಕೊಂಡೇ ಮುಟ್ಟಿಸಿ. ಅವು ಕೈಗೆ ಸಿಗದಿದ್ದರೆ ಬೋರ್ಡ್ ಮೇಲಿನ ನಾಣ್ಯದಾಕಾರದ ಸಿಆರ್2032 ಬ್ಯಾಟರಿಯನ್ನು ಐದು ನಿಮಿಷ ತೆಗೆದಿಟ್ಟು ಮತ್ತೆ ಹಾಕಿ.

ನಂತರ ಒಂದೊಂದೇ ಪಟ್ಟಿಯನ್ನು ಎ2ನಲ್ಲಿ ಹಾಕಿ ಪ್ರೊಫೈಲ್ ಆನ್ ಮಾಡಿ ನೋಡಿ. ಒಂದು ಪಟ್ಟಿ ಮಾತ್ರ ಸೋಲುತ್ತಿದ್ದರೆ ದೋಷ ಅದರದ್ದೇ, ಬದಲಿಸಿಕೊಳ್ಳಿ. ಎರಡೂ ಬಿಡಿಯಾಗಿ ಓಡಿ ಜೊತೆಯಾಗಿ ಸೋತರೆ ಮಿತಿ ಬೋರ್ಡ್‌ನದ್ದು ಅಥವಾ ಪ್ರೊಸೆಸರ್‌ನ ಮೆಮೊರಿ ಕಂಟ್ರೋಲರ್‌ನದ್ದು. ಆಗ ಪ್ರೊಫೈಲ್ ಹಾಗೇ ಇಟ್ಟು, ವೇಗವೊಂದನ್ನೇ ಒಂದು ಮೆಟ್ಟಿಲು ಇಳಿಸಿ: 3600 ಇದ್ದದ್ದು 3466, 6400 ಇದ್ದದ್ದು 6000. ವೋಲ್ಟೇಜ್ ಏರಿಸಿ ಹಟ ಹಿಡಿಯುವುದಕ್ಕಿಂತ ಇದು ಜಾಣತನ, ದಿನನಿತ್ಯದ ಕೆಲಸದಲ್ಲಿ ಆ ಒಂದು ಮೆಟ್ಟಿಲು ಕಣ್ಣಿಗೆ ಬೀಳುವುದಿಲ್ಲ.

ಕೆಲವೆಡೆ ಮಿತಿ ಮೊದಲೇ ಗೊತ್ತಿರುವಂಥದ್ದು. ರೈಜನ್ 5000 ಸರಣಿಯಲ್ಲಿ ಮೆಮೊರಿ ಮತ್ತು ಪ್ರೊಸೆಸರ್ ಒಳಗಿನ ಬಸ್ (ದತ್ತಾಂಶ ಸಾಗುವ ದಾರಿ) ಸಮಸಮ ಓಡುವುದು ಸಾಮಾನ್ಯವಾಗಿ 3600ರವರೆಗೆ. ಅದನ್ನು ಮೀರಿದರೆ ಅನುಪಾತ ತಪ್ಪಿ, ಸಂಖ್ಯೆ ದೊಡ್ಡದಾದರೂ ಕೆಲಸ ನಿಧಾನವಾಗಬಹುದು. ಇಂಟೆಲ್ 12ನೇ ತಲೆಮಾರಿನ ಹೆಸರಿನ ಕೊನೆಯಲ್ಲಿ ‘ಕೆ’ ಇಲ್ಲದ ಪ್ರೊಸೆಸರ್‌ಗಳಲ್ಲಿ ಮೆಮೊರಿ ಕಂಟ್ರೋಲರ್‌ಗೆ ಹೋಗುವ ಸಿಸ್ಟಮ್ ಏಜೆಂಟ್ ವೋಲ್ಟೇಜ್‌ಗೆ ಬೀಗ ಬಿದ್ದಿರುವುದರಿಂದ ಡಿಡಿಆರ್4 3600, ಗಿಯರ್ 1ರಲ್ಲಿ (ಮೆಮೊರಿ ಮತ್ತು ಕಂಟ್ರೋಲರ್ ಸಮವೇಗದಲ್ಲಿ ಓಡುವ ರೀತಿ) ಹಲವರಿಗೆ ನಿಲ್ಲುವುದಿಲ್ಲ. ಇಂಟೆಲ್‌ನ ಬಿ460, ಎಚ್410 ಬೋರ್ಡ್‌ಗಳು ಮೆಮೊರಿಯನ್ನು ಪ್ರೊಸೆಸರ್‌ನ ಅಧಿಕೃತ ವೇಗದಾಚೆಗೆ ಹೋಗಗೊಡುವುದೇ ಇಲ್ಲ. ಐ5 ಪ್ರೊಸೆಸರ್ ಇದ್ದರೆ ಮೆಮೊರಿ 2666ಕ್ಕೇ ನಿಲ್ಲುತ್ತದೆ. ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವಕ್ಕೆ ಈ ಆಯ್ಕೆಯೇ ಇರುವುದಿಲ್ಲ, ಅವಕ್ಕೆ ಮಾನದಂಡದ ವೇಗದ ಪಟ್ಟಿಯನ್ನೇ ಕೊಳ್ಳಿ.

ನಾಲ್ಕು ಪಟ್ಟಿ ಹಾಕಿದವರ ಪಾಡು ಬೇರೆ. ರೈಜನ್ 7000ಕ್ಕೆ ಎಎಂಡಿ ಹೇಳುವ ಅಧಿಕೃತ ವೇಗ ಎರಡು ಪಟ್ಟಿಗೆ 5200, ನಾಲ್ಕಕ್ಕೆ ಬರೀ 3600. ಎರಡರ ಕಿಟ್ 6000ದಲ್ಲಿ ಓಡಿತೆಂದು ಅಂಥದ್ದೇ ಇನ್ನೊಂದು ಕಿಟ್ ಸೇರಿಸಿದರೆ ನಾಲ್ಕೂ ಓಡುತ್ತವೆ ಎಂಬ ಭರವಸೆ ಯಾರೂ ಕೊಟ್ಟಿಲ್ಲ. ಹೆಚ್ಚು ಮೆಮೊರಿ ಬೇಕಿದ್ದರೆ ದೊಡ್ಡ ಗಾತ್ರದ ಎರಡು ಪಟ್ಟಿಗಳ ಒಂದೇ ಕಿಟ್ ಕೊಳ್ಳುವುದು ಮೇಲು.

ಆನ್ ಆದರೆ ಸಾಲದು, ಪರೀಕ್ಷೆ ಬೇಕು

ವಿಂಡೋಸ್ ತೆರೆದುಕೊಂಡಿತು ಎಂದರೆ ಮೆಮೊರಿ ಗಟ್ಟಿಯಾಗಿದೆ ಎಂದಲ್ಲ. ಬ್ರೌಸರ್ ಟ್ಯಾಬ್‌ಗಳು ತಾವಾಗಿ ಕುಸಿಯುವುದು, ಝಿಪ್ ಕಡತ ಬಿಚ್ಚುವಾಗ ದೋಷ, ವಾರಕ್ಕೊಮ್ಮೆ ನೀಲಿ ಪರದೆ ಇವೆಲ್ಲ ಅಂಚಿನಲ್ಲಿ ಓಡುತ್ತಿರುವ ಮೆಮೊರಿಯ ಲಕ್ಷಣಗಳು. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಬೂಟ್ ಮಾಡಿ, ನಾಲ್ಕು ಸುತ್ತು ಪೂರ್ತಿ ಓಡಿಸಿ. ಕೆಲವು ಗಂಟೆ ಬೇಕು, ರಾತ್ರಿ ಬಿಟ್ಟು ಮಲಗುವುದು ಸುಲಭ. ಒಂದೇ ಒಂದು ದೋಷ ಕಂಡರೂ ಅದು ಸೋತಂತೆ. ನೂರಕ್ಕೆ ತೊಂಬತ್ತೊಂಬತ್ತು ಅಂಕ ಇಲ್ಲಿ ಉತ್ತೀರ್ಣವಲ್ಲ.

ಅದರಲ್ಲಿ ಗೆದ್ದ ಮೆಮೊರಿಯೂ ಬಿಸಿಯಲ್ಲಿ ಸೋಲುವುದುಂಟು. ಆಟ ಆಡುವಾಗ ಗ್ರಾಫಿಕ್ಸ್ ಕಾರ್ಡ್‌ನ ಬಿಸಿಗಾಳಿ ನೇರವಾಗಿ ಪಟ್ಟಿಗಳ ಮೇಲೆ ಬೀಸುತ್ತದೆ, ಮೆಮ್‌ಟೆಸ್ಟ್ ಓಡುವಾಗ ಆ ಕಾರ್ಡ್ ತಣ್ಣಗಿರುತ್ತದೆ. ಆದ್ದರಿಂದ ವಿಂಡೋಸ್ ಒಳಗೂ ಟೆಸ್ಟ್‌ಮೆಮ್5ನಂಥ ತಂತ್ರಾಂಶವನ್ನು ಓಡಿಸಿ, ಜೊತೆಗೆ ಎಚ್‌ಡಬ್ಲ್ಯುಇನ್ಫೋದಲ್ಲಿ ಡಿಡಿಆರ್5 ಪಟ್ಟಿಗಳ ಉಷ್ಣಾಂಶ ಗಮನಿಸಿ. 60 ಡಿಗ್ರಿಯ ಆಸುಪಾಸಿನಲ್ಲಿ ದೋಷ ಶುರುವಾದರೆ ಮೊದಲು ಗಾಳಿಯ ದಾರಿ ಸರಿಪಡಿಸಿ, ಟೈಮಿಂಗ್ ಆಮೇಲೆ.

ಎಎಂಡಿ ಬೋರ್ಡ್‌ಗಳಲ್ಲಿ ಪ್ರತಿ ಸಲ ಆನ್ ಆಗಲು ಬಹಳ ಹೊತ್ತಾಗುತ್ತಿದ್ದರೆ ‘ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್’ ಆನ್ ಮಾಡಬಹುದು. ಹಿಂದಿನ ಟ್ರೈನಿಂಗ್ ಫಲಿತಾಂಶವನ್ನೇ ಅದು ಮತ್ತೆ ಬಳಸುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಇದರಿಂದಲೇ ಅಸ್ಥಿರತೆ ಬರುವುದರಿಂದ ಆನ್ ಮಾಡಿದ ಮೇಲೆ ಪರೀಕ್ಷೆಯನ್ನು ಇನ್ನೊಮ್ಮೆ ನಡೆಸಿ. ಇನ್ನು ಬಯೋಸ್ ಅಪ್‌ಡೇಟ್ ಆದಾಗಲೆಲ್ಲ ಪ್ರೊಫೈಲ್ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಮುಂದೊಂದು ದಿನ ಕಂಪ್ಯೂಟರ್ ಯಾಕೋ ಮಂದವಾಯಿತು ಅನ್ನಿಸಿದರೆ ಟಾಸ್ಕ್ ಮ್ಯಾನೇಜರ್‌ನ ಆ ಸಂಖ್ಯೆಯನ್ನು ಮೊದಲು ನೋಡಿ.